ತಡೆದ ಕೈ, ತಡೆಯದ ಬಯಕೆ

ಬೇಕೆನಿಸಿದ ವಸ್ತು ಕೈಗೆಟಕುವಂತಿದ್ದರೂ ಕೈಚಾಚದೆ ಇರುವುದು ಸುಲಭವಲ್ಲ. ಅದಕ್ಕೆ ಅಭ್ಯಾಸ ಬೇಕು. ಶ್ರಾವಕರ ಮನೆಗಳಲ್ಲಿ ಪರ್ವದ ದಿನಗಳು ಬಂದಾಗ ಹಿರಿಯರು ಇಂತಹ ತಡೆಯನ್ನು ತಮಗೆ ತಾವೇ ವಿಧಿಸಿಕೊಳ್ಳುತ್ತಾರೆ. ಒಬ್ಬರು ಹಸಿರು ತರಕಾರಿಯನ್ನು ಬಿಡುತ್ತಾರೆ, ಇನ್ನೊಬ್ಬರು ಸಿಹಿಯನ್ನು ಬಿಡುತ್ತಾರೆ, ಮತ್ತೊಬ್ಬರು ಚಾತುರ್ಮಾಸ ಮುಗಿಯುವ ತನಕ ಹೊಸ ಬಟ್ಟೆ ಕೊಳ್ಳುವುದಿಲ್ಲ. ಬಸದಿಯ ನೆರಳಿನಿಂದ ಬಹುದೂರವಿರುವ ಇನ್ನೊಂದು ಲೋಕದಲ್ಲಿಯೂ ಇಂಥದೇ ಒಂದು ತಡೆ ಕಾಣಸಿಗುತ್ತದೆ. ಅದು ವಿಡಿಯೋ ಗೇಮ್ ಆಡುವವರ ಲೋಕ. ಎಲ್ಲರ ಬಾಯಲ್ಲೂ ಹರಿದಾಡುತ್ತಿರುವ ಹೊಸ ಆಟವೊಂದನ್ನು ಬಿಡುಗಡೆಯ ದಿನವೇ ಕೊಳ್ಳದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುವವರು ಈ ಲೋಕದಲ್ಲಿ ಅನೇಕರಿದ್ದಾರೆ. ಅವರನ್ನು ‘ತಾಳ್ಮೆಯ ಆಟಗಾರರು’ ಎಂದು ಕರೆಯುವ ರೂಢಿಯೂ ಇದೆ.

ಅವರು ಏಕೆ ಕಾಯುತ್ತಾರೆ? ಆ ಕಾಯುವಿಕೆ ಸಂಯಮವೇ, ಬರಿಯ ಲೆಕ್ಕಾಚಾರವೇ ಅಥವಾ ಬಯಕೆಯದೇ ಇನ್ನೊಂದು ವೇಷವೇ? ಈ ಪ್ರಶ್ನೆ ಎಂದೂ ಆಟವಾಡದ ಹಿರಿಯರಿಗೂ ಸಂಬಂಧಿಸಿದ್ದು. ಮೊಮ್ಮಗನ ಆಟದ ಬಗ್ಗೆ ಕೇಳುವ ಪ್ರಶ್ನೆಯನ್ನೇ ಅಜ್ಜ ತನ್ನ ಹೊಸ ಮೊಬೈಲಿನ ಬಗ್ಗೆ, ಅಜ್ಜಿ ತನ್ನ ಕಪಾಟಿನ ಸೀರೆಗಳ ಬಗ್ಗೆ ಕೇಳಿಕೊಳ್ಳಬೇಕಾಗುತ್ತದೆ.

ಎಂಟು ವರ್ಷಗಳ ನಿರೀಕ್ಷೆ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪನಿ 2015ರಲ್ಲಿ ‘ದಿ ವಿಚರ್ 3’ ಎಂಬ ಆಟವನ್ನು ಹೊರತಂದು ಲೋಕದ ಮೆಚ್ಚುಗೆ ಗಳಿಸಿತ್ತು. ಅದಕ್ಕೂ ಮೊದಲೇ, 2012ರಲ್ಲಿ, ‘ಸೈಬರ್‌ಪಂಕ್ 2077’ ಎಂಬ ಮತ್ತೊಂದು ಆಟವನ್ನು ತಯಾರಿಸುವುದಾಗಿ ಪ್ರಕಟಿಸಿತ್ತು. ಹಿಂದಿನ ಕೃತಿಯ ಕೀರ್ತಿ ಮುಂದಿನದಕ್ಕೆ ಸಾಕ್ಷಿಯಾಯಿತು. ಎಂಟು ವರ್ಷ ಜನ ಕಾದರು. 2020ನೇ ಇಸವಿಯೊಂದರಲ್ಲೇ ಬಿಡುಗಡೆಯ ದಿನವನ್ನು ಮೂರು ಬಾರಿ ಮುಂದೂಡಲಾಯಿತು. ಕೊನೆಗೆ ಡಿಸೆಂಬರ್ 10ರಂದು ಆಟ ಹೊರಬಂದಾಗ, ಅದನ್ನು ಕಣ್ಣಾರೆ ಕಾಣುವ ಮೊದಲೇ ಮುಂಗಡ ಕೊಟ್ಟು ಕಾಯ್ದಿರಿಸಿದ ಪ್ರತಿಗಳ ಸಂಖ್ಯೆ 80 ಲಕ್ಷ ತಲುಪಿತ್ತು.

ಉತ್ತಮ ಕಂಪ್ಯೂಟರ್ ಇದ್ದವರಿಗೆ ಆಟ ಮಟ್ಟಿಗೆ ಸರಿಯಾಗಿ ನಡೆಯಿತು. ಆದರೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಯಂತ್ರಗಳಲ್ಲಿ ಅದರ ಸ್ಥಿತಿ ಶೋಚನೀಯವಾಗಿತ್ತು. ಚಿತ್ರ ಮಸುಕಾಗುತ್ತಿತ್ತು, ಚಲನೆ ತಡವರಿಸುತ್ತಿತ್ತು, ಆಟ ನಡುನಡುವೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕಂಪ್ಯೂಟರಿನ ಆವೃತ್ತಿಯನ್ನು ಮಾತ್ರ ಕೊಡಲಾಗಿತ್ತು. ಹೀಗಾಗಿ ಹಳೆಯ ಯಂತ್ರದ ಮಾಲೀಕನಿಗೆ ತಾನು ಕೊಳ್ಳುತ್ತಿರುವುದು ಏನೆಂಬುದು ಕೊಂಡ ಮೇಲಷ್ಟೇ ತಿಳಿಯಿತು. ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ಈ ಆಟವನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದಲೇ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸುವುದಾಗಿ ಘೋಷಿಸಿತು. ಮತ್ತೆ ಅದು ಆ ಮಳಿಗೆಗೆ ಬಂದದ್ದು 2021ರ ಜೂನ್ 21ರಂದು.

ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಪ್ರತಿರೂಪಕ ವ್ಯವಹಾರವೆಂಬುದನ್ನೂ ಎಣಿಸಿದ್ದಾರೆ. ಒಳ್ಳೆಯ ವಸ್ತುವಿನ ಹೋಲಿಕೆಯಲ್ಲಿ ಕಡಿಮೆ ದರ್ಜೆಯ ವಸ್ತುವನ್ನು ಸಾಗಹಾಕುವುದೇ ಅದು. ತುಪ್ಪದ ಹೆಸರಿನಲ್ಲಿ ಬೆರಕೆ ಎಣ್ಣೆ ಮಾರುವ ವ್ಯಾಪಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಿನವರು ಅದನ್ನು ವಿವರಿಸುತ್ತಿದ್ದರು. ಒಂದು ಯಂತ್ರದ ಆಟವನ್ನು ತೋರಿಸಿ ಇನ್ನೊಂದು ಯಂತ್ರದ ಆಟವನ್ನು ಕೈಗಿಡುವ ಎಲ್ಲ ವ್ಯಾಪಾರಿಗಳೂ ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳಬೇಕಾಗಿದೆ.

ಪರೀಕ್ಷೆಯ ನಂತರದ ನಂಬಿಕೆ

ಆಟಗಾರರು ಕಾಯುವುದಕ್ಕೆ ಮೊದಲ ಕಾರಣ ಇಲ್ಲಿಯೇ ಇದೆ. ಹೊಸ ಆಟ ಪೂರ್ಣವಾಗಿದೆಯೇ, ತಮ್ಮ ಯಂತ್ರದಲ್ಲಿ ನಡೆಯುತ್ತದೆಯೇ ಎಂಬುದನ್ನು ತಿಳಿಯಲು ಅವರು ಕಾಯುತ್ತಾರೆ. ಹಿಂದೆ ಆಟಗಳು ತಟ್ಟೆಯಾಕಾರದ ಡಿಸ್ಕುಗಳಲ್ಲಿ ಅಂಗಡಿಗೆ ಬರುತ್ತಿದ್ದವು. ಒಮ್ಮೆ ಅಚ್ಚಾದ ತಪ್ಪು ಶಾಶ್ವತವಾಗಿ ಉಳಿಯುತ್ತಿತ್ತು, ಆದ್ದರಿಂದ ತಯಾರಕರಿಗೆ ಭಯವಿತ್ತು. ಇಂದು ಅಂತರ್ಜಾಲದ ಮೂಲಕ ತಿದ್ದುಪಡಿಗಳನ್ನು ಆಮೇಲೆ ಕಳುಹಿಸಬಹುದು. ಇದರಿಂದ ಒಳಿತೂ ಆಗಿದೆ, ಕೆಡುಕೂ ಆಗಿದೆ. ತಪ್ಪನ್ನು ತಿದ್ದುವ ಅವಕಾಶವೇ ಕೆಲವರಿಗೆ ತಪ್ಪಿನೊಡನೆ ಮಾರುವ ಧೈರ್ಯವನ್ನೂ ಕೊಟ್ಟಿದೆ.

ಮುಂಗಡ ಕೊಡುವ ಪದ್ಧತಿಯ ಬಗ್ಗೆ ತಾಳ್ಮೆಯ ಆಟಗಾರರು ಕೇಳುವ ಪ್ರಶ್ನೆ ಸರಳವಾದುದು. ಡೌನ್‌ಲೋಡ್ ಮಾಡಿಕೊಳ್ಳುವ ಆಟದ ದಾಸ್ತಾನು ಎಂದಿಗೂ ಮುಗಿಯುವುದಿಲ್ಲ. ಮೊದಲನೆಯವನಿಗೆ ಸಿಕ್ಕಿದ್ದೇ ಕೋಟಿಯವನಿಗೂ ಸಿಗುತ್ತದೆ. ಹಾಗಿರುವಾಗ ಆತುರವೇಕೆ? ಲೋಕವೆಲ್ಲ ಮಾಡುತ್ತಿದೆಯೆಂದು ವಿಚಾರಿಸದೆ ಮಾಡುವುದನ್ನು ಆಚಾರ್ಯರು ಲೋಕಮೂಢತೆಯೆಂದು ಕರೆದರು. ಅವರು ಹೇಳಿದ್ದು ಧರ್ಮಾಚರಣೆಯ ಸಂದರ್ಭದಲ್ಲಿ. ಆದರೂ ಅಂಗಡಿಯ ಸಾಲಿನಲ್ಲಿ ನಿಂತವನಿಗೂ ಆ ಮಾತು ಅನ್ವಯಿಸುತ್ತದೆ. ಶ್ರದ್ಧೆಗೆ ಜ್ಞಾನದ ಜೊತೆ ಬೇಕು. ಹಿಂದಿನ ಆಟ ಚೆನ್ನಾಗಿತ್ತೆಂಬುದು ಮುಂದಿನದಕ್ಕೆ ಭರವಸೆಯಾಗಬಹುದು, ಪ್ರಮಾಣವಾಗಲಾರದು.

ಅಪೂರ್ಣವಾದುದನ್ನು ಮಾರುವುದೆಲ್ಲ ಮೋಸವೆಂದೂ ಹೇಳಲಾಗದು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ತನ್ನ ‘ಬಾಲ್ಡರ್ಸ್ ಗೇಟ್ 3’ ಆಟವನ್ನು 2020ರ ಅಕ್ಟೋಬರಿನಲ್ಲಿಯೇ ಮಾರಲಾರಂಭಿಸಿತು. ಆದರೆ ಇದು ಇನ್ನೂ ಸಿದ್ಧವಾಗುತ್ತಿರುವ ಆಟ, ಒಂದು ಭಾಗ ಮಾತ್ರ ಇದೆ ಎಂದು ಮೊದಲೇ ತಿಳಿಸಿತ್ತು. ಕೆಲವರು ತಿಳಿದೇ ಕೊಂಡರು, ಕೆಲವರು ತಿಳಿದೇ ಕಾದರು. ಪೂರ್ಣರೂಪ ಬಂದದ್ದು 2023ರ ಆಗಸ್ಟಿನಲ್ಲಿ. ಕೊಂಡವರಾಗಲಿ ಕಾದವರಾಗಲಿ ವಂಚಿತರಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಮಾರಿದಾಗ ಖರೀದಿದಾರನ ಆಯ್ಕೆಗೆ ಅರ್ಥ ಬರುತ್ತದೆ. ಸತ್ಯಾಣುವ್ರತಕ್ಕೆ ವ್ಯಾಪಾರದಲ್ಲಿ ಇರುವ ಬೆಲೆ ಅಷ್ಟು.

ಹಣ, ಯಂತ್ರ, ಸಮಯ

ಎರಡನೆಯ ಕಾರಣ ಬೆಲೆ. ಬಹುಕಾಲ 60 ಡಾಲರ್ ಇದ್ದ ದೊಡ್ಡ ಆಟಗಳ ಬೆಲೆಯನ್ನು 2020ರ ನಂತರ ಹಲವು ಕಂಪನಿಗಳು 70 ಡಾಲರಿಗೆ ಏರಿಸಿದವು. ಭಾರತದಲ್ಲಿ ಪ್ಲೇಸ್ಟೇಷನ್ 5ರ ಕೆಲವು ಹೊಸ ಆಟಗಳ ಬೆಲೆ 4,999 ರೂಪಾಯಿ. ಈಗಷ್ಟೇ ಕೆಲಸಕ್ಕೆ ಸೇರಿದ ತರುಣನಿಗೆ ಇದು ಸಣ್ಣ ಮೊತ್ತವಲ್ಲ. ಅದೇ ಆಟ ಕೆಲವು ತಿಂಗಳುಗಳಲ್ಲಿ ರಿಯಾಯಿತಿಗೆ ಬರುತ್ತದೆಂಬುದು ಅವನಿಗೆ ಗೊತ್ತು. ಬಳಿಕ ಬರುವ ಹೆಚ್ಚುವರಿ ಕಥಾಭಾಗಗಳನ್ನೆಲ್ಲ ಸೇರಿಸಿದ ಸಂಪೂರ್ಣ ಆವೃತ್ತಿಯೂ ಒಂದು ದಿನ ಬರುತ್ತದೆ. ಸೈಬರ್‌ಪಂಕಿನ ಅಂತಹ ಆವೃತ್ತಿ 2023ರ ಡಿಸೆಂಬರಿನಲ್ಲಿ ಬಂದಿತು. ಮೂರು ವರ್ಷ ಕಾದವನಿಗೆ ದೋಷ ತಿದ್ದಿದ ಆಟವೂ ಅದರ ವಿಸ್ತರಣೆಯೂ ಒಟ್ಟಿಗೆ ದೊರೆತವು.

ಮೂರನೆಯ ಕಾರಣ ಯಂತ್ರ. ಹೊಸ ಆಟಕ್ಕೆ ಹೊಸ ಕನ್ಸೋಲ್ ಬೇಕು ಇಲ್ಲವೇ ಕಂಪ್ಯೂಟರಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು. ಕೆಲವು ಆಟಗಳು 100 ಜಿಬಿಗಿಂತ ಹೆಚ್ಚು ಜಾಗ ಕೇಳುತ್ತವೆ. ಕೆಲವು ಆಟಗಳು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಬರುವುದಿಲ್ಲ. ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಕನ್ಸೋಲುಗಳಿಗೆ 2013ರ ಸೆಪ್ಟೆಂಬರಿನಲ್ಲಿ ಬಂದರೆ ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲಿನಲ್ಲಿ. ಆ ಒಂದೂವರೆ ವರ್ಷ ಕಾದವರಲ್ಲಿ ಅನೇಕರಿಗೆ ಕಾಯುವುದು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಒಂದು ವಸ್ತುವಿನ ಹಿಂದೆ ಇನ್ನೊಂದು ವಸ್ತು, ಅದರ ಹಿಂದೆ ಮತ್ತೊಂದು ಬರುವುದು ಪರಿಗ್ರಹದ ಸ್ವಭಾವ. ಆಟವೊಂದನ್ನು ಕೊಳ್ಳಲು ಹೊರಟವನು ಕಾರ್ಡು, ಪರದೆ, ಕುರ್ಚಿ ಎಂದು ಮುಂದುವರಿದು, ಕೊನೆಗೆ ಮಾಸಿಕ ಕಂತಿನಲ್ಲಿ ಸಿಲುಕಿಕೊಂಡಾಗ ಮೊದಲ ಬಯಕೆ ಯಾವುದಿತ್ತೆಂಬುದನ್ನೇ ಮರೆತಿರುತ್ತಾನೆ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಗಂಭೀರವಾದುದು. ಅದು ಸಮಯ. ಕಥೆಯುಳ್ಳ ದೊಡ್ಡ ಆಟಗಳನ್ನು ಪೂರ್ತಿಯಾಗಿ ಆಡಲು 100 ಗಂಟೆಗಳು ಬೇಕಾಗುವುದುಂಟು. ಸಾಮಾಯಿಕಕ್ಕೆಂದು ಹೇಳುವ ಒಂದು ಮುಹೂರ್ತವೆಂದರೆ 48 ನಿಮಿಷ. 100 ಗಂಟೆಗಳೆಂದರೆ 125 ಮುಹೂರ್ತಗಳು. ದಿನಕ್ಕೊಂದು ಮುಹೂರ್ತದಂತೆ ಆಡಿದರೂ ಒಂದು ಚಾತುರ್ಮಾಸ ಕಳೆದುಹೋಗುತ್ತದೆ. ಈ ಲೆಕ್ಕ ಆಟವನ್ನು ಹೀಗಳೆಯಲು ಹೇಳಿದ್ದಲ್ಲ. ದುಡಿದು ದಣಿದವನಿಗೆ ವಿನೋದ ಬೇಕು, ಒಳ್ಳೆಯ ಕಥೆಯುಳ್ಳ ಆಟ ಒಳ್ಳೆಯ ಕಾದಂಬರಿಯಂತೆ ಮನಸ್ಸನ್ನು ಅರಳಿಸಲೂಬಹುದು. ಆದರೆ ಖರೀದಿಯ ಬೆಲೆಯನ್ನು ರೂಪಾಯಿಗಳಲ್ಲಿ ಮಾತ್ರ ಎಣಿಸುವವನು ಅರ್ಧ ಬೆಲೆಯನ್ನಷ್ಟೇ ಕಂಡಿರುತ್ತಾನೆ. ಉಳಿದರ್ಧವನ್ನು ಆಯುಷ್ಯದಿಂದ ಕೊಡಬೇಕು, ಅದಕ್ಕೆ ರಿಯಾಯಿತಿಯ ಮಾರಾಟವಿಲ್ಲ.

ಪೆಟ್ಟಿಗೆಯೊಳಗಿನ ಜೂಜು

ಕೊಂಡ ಮೇಲೂ ಖರ್ಚು ಮುಗಿಯದ ಆಟಗಳಿವೆ. ಅವು ಮೊದಲು ಆಟದ ಬೆಲೆ ತೆಗೆದುಕೊಂಡು, ಆಮೇಲೆ ಆಟದೊಳಗೆ ಮುಚ್ಚಿದ ಪೆಟ್ಟಿಗೆಗಳನ್ನು ಮಾರುತ್ತವೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ತೆರೆದ ಮೇಲಷ್ಟೇ ತಿಳಿಯುತ್ತದೆ. ಬೇಕಾದ ಆಯುಧವೋ ವೇಷವೋ ಸಿಗದಿದ್ದರೆ ಇನ್ನೊಂದು ಪೆಟ್ಟಿಗೆ. 2017ರ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಿಡುಗಡೆಯಾಗುವ ಹೊತ್ತಿಗೆ ಈ ಪದ್ಧತಿಯ ವಿರುದ್ಧ ಆಟಗಾರರ ಆಕ್ರೋಶ ಎಷ್ಟಿತ್ತೆಂದರೆ, ಬಿಡುಗಡೆಯ ಹಿಂದಿನ ದಿನ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಆಟದೊಳಗೆ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2018ರ ಏಪ್ರಿಲಿನಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು ಬೇರೆ ಕೆಲವು ಜನಪ್ರಿಯ ಆಟಗಳ ಇಂತಹ ಪೆಟ್ಟಿಗೆಗಳು ತನ್ನ ದೇಶದ ಜೂಜಿನ ಕಾನೂನಿಗೆ ವಿರುದ್ಧವೆಂದು ಹೇಳಿತು.

ಸಪ್ತವ್ಯಸನಗಳನ್ನು ಹೆಸರಿಸುವಾಗ ದ್ಯೂತವನ್ನು ಮೊದಲಿಗೆ ಇಡುವುದು ವಾಡಿಕೆ. ಉಳಿದ ವ್ಯಸನಗಳಿಗೆ ಅದು ಬಾಗಿಲು ತೆರೆಯುತ್ತದೆಂಬುದು ಹಿರಿಯರ ಅನುಭವ. ಪಗಡೆಯ ಹಾಸು ಇಲ್ಲವೆಂಬ ಕಾರಣಕ್ಕೆ ಜೂಜು ಜೂಜಲ್ಲವಾಗುವುದಿಲ್ಲ. ಸಿಗಬಹುದೆಂಬ ಆಸೆ, ಸಿಗಲಿಲ್ಲವೆಂಬ ಕೊರಗು, ಇನ್ನೊಮ್ಮೆ ನೋಡೋಣವೆಂಬ ತುಡಿತ ಇವು ಮೂರೂ ಸೇರಿದ ಕಡೆ ಅದರ ಬೇರು ಇರುತ್ತದೆ. ಮನೆಯ ಮಗು ಕೇಳುತ್ತಿರುವ ಆಟದಲ್ಲಿ ಇಂತಹ ಪೆಟ್ಟಿಗೆಗಳಿವೆಯೇ ಎಂದು ತಿಳಿಯುವ ತನಕ ಕೈ ತಡೆಯುವ ತಾಯಿತಂದೆಯರನ್ನು ಹಳೆಯ ಕಾಲದವರೆಂದು ನಗುವಂತಿಲ್ಲ.

ಆತ್ಮಸಾಕ್ಷಿಯ ತಡೆ

ಇನ್ನು ಕೆಲವರ ತಡೆಗೆ ಹಣವಾಗಲಿ ಸಮಯವಾಗಲಿ ಕಾರಣವಲ್ಲ. ಅವರು ಆಟ ತಯಾರಾದ ಬಗೆಯನ್ನು ನೋಡುತ್ತಾರೆ. ಸೈಬರ್‌ಪಂಕ್ ತಯಾರಿಸುವಾಗ ನೌಕರರ ಮೇಲೆ ಹೆಚ್ಚುವರಿ ದುಡಿಮೆಯನ್ನು ಹೇರುವುದಿಲ್ಲವೆಂದು ಕಂಪನಿ 2019ರಲ್ಲಿ ಹೇಳಿತ್ತು. ಆದರೆ 2020ರ ಕೊನೆಯ ತಿಂಗಳುಗಳಲ್ಲಿ ವಾರಕ್ಕೆ ಆರು ದಿನಗಳ ದುಡಿಮೆ ಕಡ್ಡಾಯವಾಯಿತು. ಒಬ್ಬರ ವಿನೋದಕ್ಕಾಗಿ ಇನ್ನೊಬ್ಬರ ನಿದ್ರೆ, ಆರೋಗ್ಯ, ಮನೆಯವರೊಡನೆ ಕಳೆಯಬೇಕಾದ ಗಳಿಗೆ ಕರಗುತ್ತಿದ್ದರೆ ಆ ವಿನೋದ ಎಷ್ಟು ಶುದ್ಧ? ಅಹಿಂಸೆಯ ಕಣ್ಣಿನಿಂದ ನೋಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಬಳಸುವ ಪ್ರತಿಯೊಂದು ವಸ್ತುವಿನ ಹಿಂದೆ ಯಾರಿಗೆ ನೋವಾಗಿದೆಯೆಂದು ಕೇಳುವುದು ಅವರ ನಿತ್ಯದ ಅಭ್ಯಾಸ.

ಆಟದೊಳಗಿನ ಹಿಂಸೆಯ ಪ್ರಶ್ನೆಯೂ ಇದೆ. ಪರದೆಯ ಮೇಲೆ ಬೀಳುವವನು ಬರಿಯ ಬೆಳಕಿನ ಚುಕ್ಕೆಗಳ ಗೊಂಬೆ, ಅಲ್ಲಿ ಯಾವ ಜೀವವೂ ಇಲ್ಲವೆಂದು ತರುಣರು ವಾದಿಸುತ್ತಾರೆ. ಆ ವಾದದಲ್ಲಿ ಸತ್ಯವಿದೆ, ದ್ರವ್ಯಹಿಂಸೆ ಅಲ್ಲಿಲ್ಲ. ಆದರೆ ಕನ್ನಡಿಗರಿಗೆ ಈ ಪ್ರಶ್ನೆ ಎಂಟು ಶತಮಾನಗಳಷ್ಟು ಹಳೆಯದು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪದ ಫಲವಾಗಿ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದರು. ಆಡುವವರೆಲ್ಲ ಕೊಲೆಗಡುಕರೆಂದು ಇದರ ಅರ್ಥವಲ್ಲ. ಕಥೆಯನ್ನು ಅನುಸರಿಸುವ ಮನಸ್ಸು ಬೇರೆ, ಕೊಲ್ಲುವುದರಲ್ಲಿಯೇ ರುಚಿ ಕಾಣುವ ಮನಸ್ಸು ಬೇರೆ. ಯುರೋಪಿನ ವಯೋಮಿತಿ ವ್ಯವಸ್ಥೆ ಸೈಬರ್‌ಪಂಕನ್ನು 18 ವರ್ಷ ಮೇಲ್ಪಟ್ಟವರಿಗೆ ಮಾತ್ರವೆಂದು ಗುರುತಿಸಿದೆ. ಆ ಅಂಕಿಯನ್ನು ಪೆಟ್ಟಿಗೆಯ ಮೇಲಿನ ಅಲಂಕಾರವೆಂದು ತಿಳಿದು ಮಕ್ಕಳ ಕೈಗೆ ಕೊಡುವ ಮನೆಗಳು ಸ್ವಲ್ಪ ನಿಂತು ಯೋಚಿಸಬೇಕು.

ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರು ಓಡಿಸುವ ಆಟಕ್ಕೆ ಕಂಪನಿಯ ಸರ್ವರಿನ ಸಂಪರ್ಕ ಸದಾ ಬೇಕಿತ್ತು. 2024ರ ಮಾರ್ಚ್ 31ರಂದು ಯುಬಿಸಾಫ್ಟ್ ಆ ಸರ್ವರುಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡಿದ್ದವರ ಆಟವೂ ಅಂದಿಗೆ ನಿಂತಿತು. ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನಷ್ಟೇ ಎಂಬುದು ಅನೇಕರಿಗೆ ಆಗ ಅರಿವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಮಾರಾಟಗಾರರು ಈ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು 2025ರ ಜನವರಿಯಿಂದ ಜಾರಿಗೆ ತಂದಿದೆ. ‘ನನ್ನದು’ ಎಂದುಕೊಂಡದ್ದು ನಿಜವಾಗಿ ನನ್ನದಲ್ಲವೆಂಬ ಅನಿತ್ಯಭಾವನೆಯ ಪಾಠವನ್ನು ಒಂದು ಕಾರಿನ ಆಟ ಕಲಿಸಿಕೊಟ್ಟಿತು.

ಕಾಯುವವನ ಕಪಾಟು

ಇಷ್ಟೆಲ್ಲ ಕಾರಣಗಳನ್ನು ಕೇಳಿದ ಮೇಲೆ ಕಾಯುವವನೇ ಜಾಣ, ಕಾಯುವವನೇ ಸಂಯಮಿ ಎಂದು ತೀರ್ಮಾನಿಸಲು ಮನಸ್ಸಾಗುತ್ತದೆ. ಆದರೆ ಅಲ್ಲಿಯೇ ಎಡವುವ ಸಾಧ್ಯತೆಯಿದೆ.

ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯಲ್ಲಿ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ದೊಡ್ಡ ರಿಯಾಯಿತಿ ಮಾರಾಟ ನಡೆಯುತ್ತದೆ. 4,000 ರೂಪಾಯಿಯ ಆಟವನ್ನು ಬಿಡುಗಡೆಯ ದಿನ ಕೊಳ್ಳದೆ ತನ್ನನ್ನು ತಡೆದುಕೊಂಡ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಮಾರಾಟದ ದಿನ ಅದು 1,000 ರೂಪಾಯಿಗೆ ಸಿಗುತ್ತದೆ. ಉಳಿಯಿತಲ್ಲ ಎಂಬ ಸಂತೋಷದಲ್ಲಿ ಅವನು ಅಲ್ಲಿಯೇ ಇನ್ನೂ ಆರು ಆಟಗಳನ್ನು ಕೊಳ್ಳುತ್ತಾನೆ. ಕಳೆದ ವರ್ಷ ಹಾಗೆಯೇ ಕೊಂಡ ಹತ್ತು ಆಟಗಳು ಅವನ ಖಾತೆಯಲ್ಲಿ ಒಮ್ಮೆಯೂ ತೆರೆಯದೆ ಬಿದ್ದಿವೆ.

“ಇರುವುದನ್ನೇ ಆಡಿಲ್ಲವಲ್ಲೋ ಮಗಾ, ಮತ್ತೇಕೆ?” ಎಂದು ತಾಯಿ ಕೇಳಿದರೆ, “ಮುಂದೆ ಆಡ್ತೀನಮ್ಮ, ಈ ಬೆಲೆಗೆ ಮತ್ತೆ ಸಿಗಲ್ಲ” ಎನ್ನುತ್ತಾನೆ.

ಆಟಗಾರರು ತಮ್ಮಲ್ಲಿ ತಾವೇ ನಕ್ಕು ಹೇಳಿಕೊಳ್ಳುವ ಸಂಗತಿ ಇದು. ಆಡದೆ ಉಳಿದ ಆಟಗಳ ರಾಶಿ ಅವರಲ್ಲಿ ಅನೇಕರಿಗೆ ಇದೆ. ಆ ರಾಶಿಯ ನೆನಪೇ ಕೆಲವರಿಗೆ ಹೊಸದನ್ನು ಕೊಳ್ಳದಿರಲು ಕಾರಣವೂ ಆಗುತ್ತದೆ.

ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮಮಕಾರದಲ್ಲಿದೆ ಎಂಬುದು ಉಮಾಸ್ವಾತಿ ಆಚಾರ್ಯರು ತೋರಿಸಿಕೊಟ್ಟ ದೃಷ್ಟಿ. ಕೈಯಲ್ಲಿ ಏನೂ ಇಲ್ಲದವನೂ ಪರಿಗ್ರಹಿಯಾಗಿರಬಹುದು. ಬಿಡುಗಡೆಯ ದಿನ ಆಟ ಕೊಳ್ಳದವನು ದಿನಕ್ಕೆ ಐದು ಬಾರಿ ಅದರ ಬೆಲೆ ಇಳಿಯಿತೇ ಎಂದು ನೋಡುತ್ತ, ಅದರ ದೃಶ್ಯಗಳನ್ನೇ ಕಾಣುತ್ತ, ಆಡುತ್ತಿರುವವರನ್ನು ಕಂಡು ಅಸೂಯೆಪಡುತ್ತ ಕುಳಿತರೆ ಅವನ ಹಣ ಉಳಿದಿದೆ, ಮನಸ್ಸು ಮಾತ್ರ ಅಂದೇ ಖರ್ಚಾಗಿದೆ. ಬೆಲೆ ಹೆಚ್ಚೆಂದು ಕದ್ದ ಪ್ರತಿಯನ್ನು ಇಳಿಸಿಕೊಂಡು ತಾನು ಕೊಳ್ಳಲಿಲ್ಲವೆಂದು ಹೇಳುವವನ ಮಾತಂತೂ ಬೇರೆಯೇ. ಕಳವಿನ ವಸ್ತುವನ್ನು ಸ್ವೀಕರಿಸುವುದೂ ಅಚೌರ್ಯಾಣುವ್ರತದ ಅತಿಚಾರವೇ.

ಹಾಗಾದರೆ ಸರಿಯಾದ ಕಾಯುವಿಕೆ ಹೇಗಿರಬೇಕು? ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥರಿಗೆ ಬಹಳ ಉಪಯುಕ್ತವಾದ ಒಂದು ವಿವೇಚನೆ ಇದೆ. ಒಮ್ಮೆ ಬಳಸಿ ಬಿಡುವ ಅನ್ನದಂತಹ ವಸ್ತುಗಳು ಭೋಗ, ಮತ್ತೆ ಮತ್ತೆ ಬಳಸುವ ಬಟ್ಟೆಯಂತಹ ವಸ್ತುಗಳು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ ವ್ರತ. ಆ ಮಿತಿಯೂ ಎರಡು ಬಗೆ. ಬದುಕಿರುವ ತನಕ ಹಿಡಿಯುವ ಮಿತಿಗೆ ಯಮವೆಂದು ಹೆಸರು. ಇಷ್ಟು ಕಾಲಕ್ಕೆಂದು ಹಿಡಿಯುವ ಮಿತಿಗೆ ನಿಯಮವೆಂದು ಹೆಸರು. ಆ ಕಾಲ ಒಂದು ಹಗಲಿನಷ್ಟು ಚಿಕ್ಕದಾಗಿರಬಹುದು, ಆರು ತಿಂಗಳಷ್ಟು ದೀರ್ಘವಾಗಿಯೂ ಇರಬಹುದು.

ಇದರಲ್ಲಿ ಗಮನಿಸಬೇಕಾದದ್ದು, ನಿಯಮದ ಅವಧಿಯನ್ನು ಹಿಡಿಯುವವನೇ ಗೊತ್ತುಮಾಡುತ್ತಾನೆ. ರಿಯಾಯಿತಿಗಾಗಿ ಕಾಯುವವನ ಅವಧಿಯನ್ನು ಅಂಗಡಿಯವನು ಗೊತ್ತುಮಾಡುತ್ತಾನೆ. ಅಂಗಡಿಯವನು ಬೆಲೆ ಇಳಿಸಿದ ಕ್ಷಣ ಇವನ ತಾಳ್ಮೆ ಮುಗಿಯುತ್ತದೆ. ನಿಯಮ ಹಿಡಿದವನಾದರೋ ಅಂದು ಕೂಡ ತನ್ನನ್ನು ಕೇಳಿಕೊಳ್ಳುತ್ತಾನೆ: ಇದು ನನಗೆ ಇನ್ನೂ ಬೇಕೇ? ಬೇಕೆನಿಸಿದರೆ ನೆಮ್ಮದಿಯಿಂದ ಕೊಳ್ಳುತ್ತಾನೆ, ನೆಮ್ಮದಿಯಿಂದ ಆಡುತ್ತಾನೆ. ಬೇಡವೆನಿಸಿದರೆ ಕಳೆದುಕೊಂಡದ್ದು ಏನೂ ಇರುವುದಿಲ್ಲ.

ಕೊಂಡವರಿಗೂ ಒಂದು ನಮನ

ಅನೇಕಾಂತದ ಹಾದಿಯಲ್ಲಿ ನಡೆಯುವವರು ಮೊದಲ ದಿನವೇ ಕೊಂಡವರ ಪಕ್ಷವನ್ನೂ ಕೇಳಬೇಕು. ಗೆಳೆಯರೆಲ್ಲ ಕೂಡಿ ಆಡುವ ಆಟದಲ್ಲಿ ಒಬ್ಬನೇ ಆರು ತಿಂಗಳು ಹಿಂದುಳಿದರೆ, ಅವನು ಬರುವ ಹೊತ್ತಿಗೆ ಜೊತೆಗಾರರು ಬೇರೆ ಆಟಕ್ಕೆ ಹೋಗಿರುತ್ತಾರೆ. ಕಥೆಯ ತಿರುವುಗಳು ಎಲ್ಲರ ಬಾಯಲ್ಲಿ ಬಯಲಾಗುವ ಮುನ್ನ ತಾನೇ ಕಾಣಬೇಕೆಂಬ ಆಸೆಯೂ ಸಹಜವಾದುದು. ಎಲ್ಲರೂ ಕಾಯುತ್ತ ಕುಳಿತರೆ ಸಣ್ಣ ತಯಾರಕರು ಉಳಿಯುವುದೂ ಕಷ್ಟ.

ಇನ್ನೊಂದು ಮಾತೂ ಇದೆ. ಕಾಯುವವನ ಜಾಣತನ ಅವನ ಸ್ವಂತದ್ದಲ್ಲ. ಆಟದಲ್ಲಿ ದೋಷವಿದೆಯೆಂದು ಅವನಿಗೆ ತಿಳಿಸಿದವರು ಮೊದಲು ಕೊಂಡು ನಷ್ಟಪಟ್ಟವರು. ಅವರು ದೂರಿದ್ದರಿಂದ ದೋಷ ತಿದ್ದಲ್ಪಟ್ಟಿತು, ಅವರು ಹಣ ಕೊಟ್ಟಿದ್ದರಿಂದ ತಿದ್ದುವವರಿಗೆ ಸಂಬಳ ಸಿಕ್ಕಿತು. ಜೀವರಾಶಿ ಒಂದಕ್ಕೊಂದು ಆಸರೆಯಾಗಿ ಬಾಳುತ್ತದೆಂಬ ತಿಳಿವಳಿಕೆ ಇಲ್ಲಿಯೂ ಕಣ್ಣಿಗೆ ಬೀಳುತ್ತದೆ. ಹೀಗಿರುವಾಗ ಕಾದವನು ಕೊಂಡವನನ್ನು ಕಂಡು ನಗುವುದು ಮಾನಕಷಾಯವಾಗುತ್ತದೆ. ಲೋಭವನ್ನು ಗೆದ್ದೆನೆಂಬ ಹೆಮ್ಮೆಯಲ್ಲಿ ಮಾನಕ್ಕೆ ಸೋತರೆ ಲಾಭವೇನು?

ತಪ್ಪಿದ ವ್ಯಾಪಾರಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 2021ರ ಜನವರಿಯಲ್ಲಿ ಸಿಡಿ ಪ್ರಾಜೆಕ್ಟಿನ ಸಹಸಂಸ್ಥಾಪಕರು ವಿಡಿಯೋದಲ್ಲಿ ಕಾಣಿಸಿಕೊಂಡು ಬಹಿರಂಗವಾಗಿ ಕ್ಷಮೆ ಕೇಳಿದರು. ಆದರೆ ಕೇವಲ ಆ ಮಾತಿನಿಂದ ಜನರ ನಂಬಿಕೆ ಮರಳಲಿಲ್ಲ. ಕಂಪನಿ ಸುಮಾರು ಮೂರು ವರ್ಷ ಆಟವನ್ನು ತಿದ್ದುತ್ತಲೇ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಆಟದ ಹಲವು ಮುಖ್ಯ ಅಂಗಗಳನ್ನು ಹೊಸದಾಗಿ ರೂಪಿಸಿದ ದೊಡ್ಡ ತಿದ್ದುಪಡಿ ಬಂದಿತು, ಅದಕ್ಕೆ ಬೇರೆ ಬೆಲೆ ಕೇಳಲಿಲ್ಲ. 2024ರ ಹೊತ್ತಿಗೆ ಮಾರಾಟವಾದ ಪ್ರತಿಗಳು 3 ಕೋಟಿ ದಾಟಿದ್ದವು. ಕೊಳ್ಳದೆ ದೂರ ನಿಂತಿದ್ದವರಲ್ಲಿ ಅನೇಕರು ಆಗ ಬಂದು ಕೊಂಡರು. ಆಲೋಚನೆಯ ಬಳಿಕ ಪ್ರಾಯಶ್ಚಿತ್ತ, ಅಂದರೆ ತಪ್ಪನ್ನು ನುಡಿದು ಒಪ್ಪಿ ಬಳಿಕ ನಡೆಯಲ್ಲಿ ತಿದ್ದಿಕೊಳ್ಳುವ ಕ್ರಮವನ್ನು ಧರ್ಮ ಹೇಳುವುದು ಇದೇ ಕಾರಣಕ್ಕೆ. ತಿದ್ದಿಕೊಂಡವನನ್ನು ಮತ್ತೆ ನಂಬುವುದು ಕ್ಷಮೆಯ ಭಾಗ. ಮುಂದಿನ ಸಲವೂ ನೋಡಿ ಕೊಳ್ಳುವುದು ವಿವೇಕದ ಭಾಗ. ಕ್ಷಮೆಗೂ ವಿವೇಕಕ್ಕೂ ವಿರೋಧವಿಲ್ಲ.

ಪಟ್ಟಿಯಲ್ಲಿ ಉಳಿದ ಹೆಸರು

ಮನೆಯಲ್ಲಿ ಮಗ ಅಥವಾ ಮಗಳು ಹೊಸ ಆಟ ಬೇಕೆಂದು ಕೇಳಿದಾಗ ಕೂಡಲೇ ಕೊಡಿಸುವುದೂ ಸುಲಭ, ಕೂಡಲೇ ಗದರಿಸುವುದೂ ಸುಲಭ. ಎರಡರಲ್ಲಿಯೂ ಮಗು ಕಲಿಯುವುದು ಕಡಿಮೆ. ಆಟ ನಿನ್ನ ಯಂತ್ರದಲ್ಲಿ ಸರಿಯಾಗಿ ನಡೆಯುತ್ತದೆಯೇ, ಯಾವ ವಯಸ್ಸಿನವರಿಗೆಂದು ಬರೆದಿದ್ದಾರೆ, ಒಳಗೆ ಮತ್ತೆ ಹಣ ಕೇಳುತ್ತದೆಯೇ, ಹಿಂದೆ ಕೊಂಡದ್ದನ್ನು ಆಡಿ ಮುಗಿಸಿದೆಯಾ, ಇದಕ್ಕೆ ನಿನ್ನ ದಿನದಲ್ಲಿ ಎಷ್ಟು ಹೊತ್ತು ಕೊಡುತ್ತೀಯೆ ಎಂದು ಕೂರಿಸಿಕೊಂಡು ಕೇಳಿದರೆ, ಉತ್ತರ ಹುಡುಕುವ ಕೆಲಸವನ್ನು ಮಗುವೇ ಮಾಡುತ್ತದೆ. ಸ್ಟೀಮ್ ಮಳಿಗೆಯಲ್ಲಿ ಕೊಂಡ 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಹಣ ಹಿಂದಕ್ಕೆ ಪಡೆಯುವ ಅವಕಾಶವಿದೆ. ಇಂತಹ ಸಂಗತಿಗಳನ್ನು ಮಗುವೇ ಹಿರಿಯರಿಗೆ ಹೇಳಿಕೊಡಲಿ. ಆಮೇಲೆ ಇಬ್ಬರೂ ಸೇರಿ ಒಂದು ಅವಧಿಯನ್ನು ಗೊತ್ತುಮಾಡಲಿ. ಒಂದು ಪಕ್ಷವಾಗಲಿ, ಒಂದು ತಿಂಗಳಾಗಲಿ, ಮಗುವಿಗೆ ಹೊರಲು ಸಾಧ್ಯವಾಗುವಷ್ಟೇ ಇರಲಿ. ಅದೇ ಅವಧಿಗೆ ಅಪ್ಪನೂ ಅಮ್ಮನೂ ತಾವು ಬಯಸುವ ಒಂದು ವಸ್ತುವನ್ನು ತಡೆದಿಟ್ಟುಕೊಂಡರೆ ಆ ನಿಯಮಕ್ಕೆ ಬಲ ಬರುತ್ತದೆ.

ಅಂತರ್ಜಾಲದ ಮಳಿಗೆಗಳಲ್ಲಿ ‘ವಿಶ್‌ಲಿಸ್ಟ್’ ಎಂಬ ಬಯಕೆಯ ಪಟ್ಟಿಯಿರುತ್ತದೆ. ಕೊಳ್ಳಬೇಕೆನಿಸಿದ್ದನ್ನೆಲ್ಲ ಆಟಗಾರರು ಅಲ್ಲಿ ಬರೆದಿಡುತ್ತಾರೆ. ವರ್ಷದ ನಂತರ ತೆರೆದು ನೋಡಿದಾಗ ಕೆಲವು ಹೆಸರುಗಳು ಏಕೆ ಅಲ್ಲಿವೆಯೆಂಬುದೇ ನೆನಪಿಗೆ ಬರುವುದಿಲ್ಲ. ಅಂದು ಇದಿಲ್ಲದೆ ಆಗದು ಎನಿಸಿದ್ದು ಇಂದು ಅಪರಿಚಿತವಾಗಿರುತ್ತದೆ. ಯಾರೂ ಬೈಯಲಿಲ್ಲ, ಯಾರೂ ಕಸಿದುಕೊಳ್ಳಲಿಲ್ಲ. ಬಯಕೆ ಬಂದಂತೆಯೇ ಹೋಯಿತು, ಅದನ್ನು ಕಂಡ ಅರಿವು ಮಾತ್ರ ಉಳಿಯಿತು. ಆ ಹೆಸರುಗಳನ್ನು ಒಂದೊಂದಾಗಿ ಅಳಿಸುವ ತರುಣನಿಗೆ ಅದು ನಿರ್ಜರೆಯ ದಾರಿಯ ಸಣ್ಣದೊಂದು ಹೆಜ್ಜೆಯೆಂದು ಯಾರೂ ಹೇಳಿಕೊಟ್ಟಿರಲಾರರು. ಹೇಳಿಕೊಡುವ ಹಿರಿಯರು ಮನೆಯಲ್ಲಿದ್ದರೆ ಅವನ ಪುಣ್ಯ.